ಧಾತು ಈಶ್ವರದ ಬರ: ಮಳೆ ಬಂದಾಗ ಎತ್ತಿರಲಿಲ್ಲ

ಹಳೇ ಮೈಸೂರಿನ ಬಯಲುಸೀಮೆಯ ಊರುಗಳಲ್ಲಿ ಹಗೇವು ಎಂಬುದೊಂದು ಇತ್ತು. ಒಣ ದಿಬ್ಬದಲ್ಲಿ ಆಳವಾಗಿ ಗುಂಡಿ ತೋಡಿ, ಸುತ್ತ ಹುಲ್ಲು ಹೊಂದಿಸಿ, ರಾಗಿ ಸುರಿದು, ಬಾಯಿಗೆ ಮಣ್ಣು ಮೆತ್ತಿ ಮುಚ್ಚುತ್ತಿದ್ದರು. ರಾಗಿಗೆ ಹುಳು ಬೀಳುವುದು ಅಪರೂಪ; ಮಣ್ಣಿನೊಳಗೆ ಅದು ವರ್ಷಗಟ್ಟಲೆ ಕೆಡದೆ ಕೂತಿರುತ್ತಿತ್ತು. ಹಗೇವು ತೆರೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ, ಕಟ್ಟಿಕೊಂಡ ಕೆಟ್ಟ ಗಾಳಿ ಉಸಿರು ನಿಲ್ಲಿಸಿಬಿಡುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಮಳೆಯನ್ನು ನಂಬಿ ಬದುಕುವ ಜನ ಮಳೆಯನ್ನು ಪೂರ್ತಿ ನಂಬುವುದಿಲ್ಲ ಎಂಬುದಕ್ಕೆ ಈ ಹಗೇವುಗಳೇ ಸಾಕ್ಷಿ. ಒಂದು ವರ್ಷ ಮುಗಿಲು ಮೋಸ ಮಾಡಿದರೆ ನೆಲದೊಳಗಿನ ರಾಗಿ ಮನೆ ನಡೆಸುತ್ತಿತ್ತು. ಎರಡನೇ ವರ್ಷವೂ ಮೋಸವಾದರೆ ಕಷ್ಟ. ಮೂರನೇ ವರ್ಷಕ್ಕೆ ಯಾವ ಹಗೇವೂ ಆಗುತ್ತಿರಲಿಲ್ಲ.

1875ರಿಂದ 1877ರವರೆಗೆ ಆದದ್ದು ಇದೇ. ನಡುವಿನ ವರ್ಷ ಧಾತು ಸಂವತ್ಸರ, ಅದರ ಮುಂದಿನದು ಈಶ್ವರ. ಎರಡು ಹೆಸರೂ ಸೇರಿ ಕನ್ನಡ ನಾಡಿನ ಬಾಯಲ್ಲಿ ಅದು ಧಾತು ಈಶ್ವರದ ಬರವಾಯಿತು. ತಮಿಳು ಸೀಮೆಯವರೂ ಆ ಬರವನ್ನು ಧಾತು ವರ್ಷದ ಹೆಸರಿನಿಂದಲೇ ನೆನೆಯುತ್ತಾರೆ. ಇಂಗ್ಲಿಷರ ದಾಖಲೆಗಳಲ್ಲಿ ಅದು 1876–78ರ ಮಹಾಕ್ಷಾಮ.

ಆಗ ಕನ್ನಡ ಸೀಮೆ ಒಂದೇ ಆಡಳಿತದಲ್ಲಿ ಇರಲಿಲ್ಲ. ಬಳ್ಳಾರಿ ಮದರಾಸು ಪ್ರಾಂತಕ್ಕೆ ಸೇರಿತ್ತು. ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲಿದ್ದವು. ಇಂದಿನ ವಿಜಯಪುರ, ಬಾಗಲಕೋಟೆಗಳನ್ನು ಒಳಗೊಂಡ ಜಿಲ್ಲೆಗೆ ಆಗ ಕಲಾದಗಿಯ ಹೆಸರಿತ್ತು. ರಾಯಚೂರು, ಕಲಬುರಗಿ ನಿಜಾಮರ ಕೈಯಲ್ಲಿದ್ದವು. ಮೈಸೂರಿನಲ್ಲಿ ಅರಸು ಮನೆತನವಿದ್ದರೂ 1831ರಿಂದ ಆಳುತ್ತಿದ್ದವರು ಬ್ರಿಟಿಷ್ ಕಮಿಷನರುಗಳು. ದತ್ತುಪುತ್ರ ಚಾಮರಾಜೇಂದ್ರ ಒಡೆಯರು ಇನ್ನೂ ಹುಡುಗ. ಮಳೆ ಮಾತ್ರ ಈ ಗಡಿಗಳನ್ನೆಲ್ಲ ದಾಟಿ ಒಟ್ಟಿಗೇ ಕೈಕೊಟ್ಟಿತು.

ರೈತನ ಪಂಚಾಂಗದಲ್ಲಿ ಮಳೆಗೆ ನಕ್ಷತ್ರದ ಹೆಸರು. ಆರಿದ್ರೆ, ಪುನರ್ವಸುಗಳಲ್ಲಿ ರಾಗಿ ಬಿತ್ತನೆ. ಆಶ್ಲೇಷ, ಮಘೆಯಲ್ಲಿ ಪೈರಿಗೆ ಜೀವ. ಉತ್ತರೆ, ಹಸ್ತದ ಹೊತ್ತಿಗೆ ಉತ್ತರದ ಎರೆಭೂಮಿಯಲ್ಲಿ ಹಿಂಗಾರಿ ಜೋಳದ ಕೂರಿಗೆ. ಎರೆಮಣ್ಣಿಗೊಂದು ಗುಣವಿದೆ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಚೆನ್ನಾಗಿ ನೆನೆದರೆ ಆ ತೇವವನ್ನೇ ಹಿಡಿದಿಟ್ಟುಕೊಂಡು, ಮತ್ತೆ ಹನಿ ಬೀಳದಿದ್ದರೂ, ಮಾಗಿಯ ಇಬ್ಬನಿಯ ಆಸರೆಯಲ್ಲಿ ಜೋಳವನ್ನು ತೆನೆಗಟ್ಟಿಸುತ್ತದೆ. ನೆನೆಯದೇ ಹೋದರೆ ಕಾಲು ಇಳಿಯುವಷ್ಟು ಬಿರುಕು ಬಿಡುತ್ತದೆ, ಬಿತ್ತಿದ ಬೀಜ ಆ ಬಿರುಕಿನಲ್ಲಿ ಕಳೆದುಹೋಗುತ್ತದೆ. ಅಂದರೆ ಒಟ್ಟು ಮಳೆ ಎಷ್ಟು ಇಂಚು ಎಂಬುದಕ್ಕಿಂತ ಯಾವ ನಕ್ಷತ್ರದಲ್ಲಿ ಬಂತು ಎಂಬುದೇ ಇಲ್ಲಿ ಊಟವನ್ನು ತೀರ್ಮಾನಿಸುತ್ತದೆ.

1875ರಲ್ಲೇ ಮೈಸೂರಿನ ಹಲವೆಡೆ ಮಳೆ ಸೊರಗಿತ್ತು, ಹಗೇವುಗಳು ತೆರೆದಿದ್ದವು. 1876ರಲ್ಲಿ ಮುಂಗಾರು ಅಲ್ಲಲ್ಲಿ ಮುಖ ತೋರಿಸಿ ಹೋಯಿತು. ಬಿತ್ತಿದ ರಾಗಿ ಮೊಳೆತು, ಮೊಣಕಾಲುದ್ದ ಬೆಳೆದು, ಒಣಗಿತು. ಇನ್ನು ಹಿಂಗಾರು ಬಂದೀತೆಂದು ಅಕ್ಟೋಬರಿನವರೆಗೂ ಜನ ಆಕಾಶ ನೋಡಿದರು. ಅದೂ ಬರಲಿಲ್ಲ. ಬಳ್ಳಾರಿ, ಕಲಾದಗಿಗಳಲ್ಲಿ ಹಿಂಗಾರಿ ಜೋಳಕ್ಕೆ ಕೂರಿಗೆ ಹೂಡುವ ಅವಕಾಶವೇ ಸಿಗಲಿಲ್ಲ. ಕೋಲಾರ, ತುಮಕೂರು, ಚಿತ್ರದುರ್ಗಗಳ ಕೆರೆಗಳಲ್ಲಿ ನೀರು ಇಳಿಯಿತು. ಶತಮಾನಗಳಿಂದ ಊರಿಗೊಂದರಂತೆ ಕಟ್ಟಿಸಿದ ಕೆರೆಗಳು ಮೈಸೂರಿನಲ್ಲಿ ಹತ್ತಾರು ಸಾವಿರ ಇದ್ದವು. ಆದರೆ ಕೆರೆ ಕೂಡಿಡುವುದು ಬಿದ್ದ ಮಳೆಯನ್ನು. ಹೂಳು ತುಂಬಿದ ಕೆರೆಗೆ ಎರಡು ವರ್ಷದ ಬರವನ್ನು ತಾಳುವ ಶಕ್ತಿ ಇರಲಿಲ್ಲ.

ಮಳೆ ತಪ್ಪಿದಷ್ಟಕ್ಕೇ ಲಕ್ಷಾಂತರ ಜನ ಸಾಯಬೇಕಿತ್ತೇ? ಅದಕ್ಕೆ ಹದಿನೈದು ವರ್ಷ ಹಿಂದಕ್ಕೆ ಹೋಗಿ ನೋಡಬೇಕು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಲಂಕಾಶೈರ್ ಗಿರಣಿಗಳಿಗೆ ಹತ್ತಿ ನಿಂತಾಗ ಅವರ ಕಣ್ಣು ಧಾರವಾಡದ ಎರೆಭೂಮಿಯ ಮೇಲೆ ಬಿತ್ತು. ಹತ್ತಿಯ ಬೆಲೆ ಏರಿತು, ಕಾರವಾರದ ಬಂದರನ್ನು ಹತ್ತಿಗಾಗಿಯೇ ಬೆಳೆಸಲು ಹೊರಟರು. ಜೋಳ ಬಿತ್ತುತ್ತಿದ್ದ ಎಷ್ಟೋ ಹೊಲಗಳಿಗೆ ಹತ್ತಿ ಬಂತು. 1865ರಲ್ಲಿ ಆ ಯುದ್ಧ ಮುಗಿದು ಬೆಲೆ ಕುಸಿಯಿತು. ಬೆಲೆ ಇದ್ದಾಗ ಮಾಡಿದ ಸಾಲ ಉಳಿಯಿತು, ಆ ಬೆಲೆ ನೋಡಿ ಕಟ್ಟಿದ ಕಂದಾಯ ಉಳಿಯಿತು. ಕಂದಾಯವನ್ನು ಈಗ ಧಾನ್ಯದಲ್ಲಿ ಕೊಡುವಂತಿರಲಿಲ್ಲ, ರೊಕ್ಕವೇ ಬೇಕು. ರೊಕ್ಕ ಬೇಕಾದಾಗ ಸುಗ್ಗಿಯಲ್ಲೇ ಕಾಳು ಮಾರಬೇಕು. ಕೊಳ್ಳಲು ಸಾಹುಕಾರನಿದ್ದ, ಸಾಗಿಸಲು ರೈಲು ಬಂದಿತ್ತು. ಬೆಂಗಳೂರು 1864ರಲ್ಲೇ ಮದರಾಸಿನ ರೈಲುದಾರಿಗೆ ಕೂಡಿಕೊಂಡಿತ್ತು. 1871ರ ಹೊತ್ತಿಗೆ ಬಳ್ಳಾರಿಗೂ ರೈಲು ತಲುಪಿತ್ತು. ಹಗೇವಿನಲ್ಲಿ ಕೂರಬೇಕಾದ ಕಾಳು ಗಾಡಿ ಹತ್ತಿತು. ಧಾತು ಸಂವತ್ಸರ ಬಂದಾಗ ನೆಲದೊಳಗಿನ ಗುಂಡಿಗಳು ಹಿಂದಿನ ಬರಗಳ ಕಾಲದಷ್ಟು ತುಂಬಿರಲಿಲ್ಲ.

1876ರ ಅಕ್ಟೋಬರಿನಲ್ಲಿ ಮಳೆಯ ಆಸೆ ಬಿಟ್ಟುಹೋದ ಕೂಡಲೇ ಬೆಲೆ ಜಿಗಿಯಿತು. ಮೊದಲು ಕೈಸೋತವರು ಹೊಲವಿದ್ದ ರೈತರಲ್ಲ. ಕೂಲಿಯಾಳುಗಳು ಮತ್ತು ನೇಕಾರರು. ಹೊಲದಲ್ಲಿ ಕಳೆ ಇಲ್ಲ, ಕೊಯ್ಲಿಲ್ಲ, ಕೂಲಿ ಇಲ್ಲ. ಹೊಟ್ಟೆಗಿಲ್ಲದವರು ಸೀರೆ ಕೊಳ್ಳುವುದಿಲ್ಲ, ಮಗ್ಗ ನಿಂತಿತು. ರೈಲಿನಲ್ಲಿ ಬಂದ ಅಕ್ಕಿ ನಿಲ್ದಾಣಗಳಲ್ಲಿ ಇತ್ತು, ಮಂಡಿಗಳಲ್ಲಿ ಇತ್ತು; ಇವರ ಕೈಯಲ್ಲಿ ಅದನ್ನು ಕೊಳ್ಳುವ ಕಾಸು ಇರಲಿಲ್ಲ. ರೈಲಿನಿಂದ ದೂರದ ತಾಲ್ಲೂಕುಗಳ ಗತಿ ಇನ್ನೂ ಕಠಿಣ. ಅಲ್ಲಿಗೆ ಕಾಳು ಒಯ್ಯಬೇಕಾದದ್ದು ಎತ್ತಿನ ಗಾಡಿ. ದಾರಿಯುದ್ದಕ್ಕೂ ಮೇವಿಲ್ಲ, ನೀರಿಲ್ಲ. ಕಾಳು ಹೊರಬೇಕಾದ ಎತ್ತುಗಳೇ ದಾರಿಯಲ್ಲಿ ಬೀಳತೊಡಗಿದವು. ಜನ ಕಾಡುಗಡ್ಡೆ, ಸೊಪ್ಪು, ಕಳ್ಳಿಹಣ್ಣು ತಿಂದರು. ಪಾತ್ರೆ ಮಾರಿದರು, ತಾಳಿಯ ಚಿನ್ನ ಮಾರಿದರು, ಬಾಗಿಲು ತೊಲೆಗಳನ್ನು ಕಿತ್ತು ಮಾರಿದರು. ಕಡೆಗೆ ಊರು ಬಿಟ್ಟು ಪೇಟೆಯ ದಾರಿ ಹಿಡಿದರು.

ಮದರಾಸು ಸರ್ಕಾರ ಮೊದಮೊದಲು ಕೈ ಬಿಚ್ಚಿಯೇ ಕೆಲಸ ಕೊಟ್ಟಿತು. ರಸ್ತೆಗೆ ಜಲ್ಲಿ ಒಡೆಯುವ, ಕೆರೆ ಏರಿಗೆ ಮಣ್ಣು ಹೊರುವ ಕಾಮಗಾರಿಗಳಿಗೆ ಲಕ್ಷಾಂತರ ಜನ ಬಂದರು. ಕಲ್ಕತ್ತೆಯಲ್ಲಿದ್ದ ವೈಸ್‌ರಾಯ್ ಲಾರ್ಡ್ ಲಿಟ್ಟನ್ನನಿಗೆ ಈ ಖರ್ಚು ಹಿಡಿಸಲಿಲ್ಲ. 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರುವ ದರ್ಬಾರು ನಡೆಯಿತು. ಅದೇ ತಿಂಗಳಲ್ಲಿ ಅವನು ಸರ್ ರಿಚರ್ಡ್ ಟೆಂಪಲ್‌ನನ್ನು ಕ್ಷಾಮದ ಪ್ರತಿನಿಧಿಯಾಗಿ ದಕ್ಷಿಣಕ್ಕೆ ಕಳಿಸಿದ.

ಟೆಂಪಲ್‌ನ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಈ ಬರದ ತಿರುವು ಅಲ್ಲಿದೆ. 1873–74ರಲ್ಲಿ ಬಿಹಾರದಲ್ಲಿ ಮಳೆ ತಪ್ಪಿದಾಗ ಇದೇ ಟೆಂಪಲ್ ಬರ್ಮಾದಿಂದ ಲಕ್ಷಾಂತರ ಟನ್ ಅಕ್ಕಿ ತರಿಸಿ ಹಂಚಿದ್ದ. ಹಸಿವಿನಿಂದ ಸತ್ತವರು ಬಹಳ ಕಡಿಮೆ. ಅದಕ್ಕಾಗಿ ಅವನನ್ನು ಹೊಗಳಬೇಕಿತ್ತು. ಬದಲಿಗೆ ದುಂದುಗಾರನೆಂದು ಬೈದರು. ಆ ಬೈಗುಳ ಅವನ ಮನಸ್ಸಿನಲ್ಲಿ ನಾಟಿಕೊಂಡಿರಬೇಕು. ದಕ್ಷಿಣಕ್ಕೆ ಬಂದ ಟೆಂಪಲ್ ಬೇರೆಯೇ ಮನುಷ್ಯ. ಕೆಲಸದವರ ಸಂಖ್ಯೆ ತಗ್ಗಿಸಿದ, ಕೂಲಿ ಇಳಿಸಿದ. ದಿನವಿಡೀ ಮಣ್ಣು ಹೊರುವ ಗಂಡಾಳಿಗೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಕೊಳ್ಳುವಷ್ಟು ಹಣ, ಅದರ ಮೇಲೆ ಸ್ವಲ್ಪ ಚಿಲ್ಲರೆ ಕಾಸು. ಹೆಂಗಸರಿಗೂ ಮಕ್ಕಳಿಗೂ ಇನ್ನೂ ಕಡಿಮೆ. ಮದರಾಸಿನ ಆರೋಗ್ಯ ಕಮಿಷನರ್ ಆಗಿದ್ದ ವೈದ್ಯ ವಿಲಿಯಂ ರಾಬರ್ಟ್ ಕಾರ್ನಿಷ್ ಇದಕ್ಕೆ ಬಹಿರಂಗವಾಗಿ ಎದುರು ನಿಂತ. ದುಡಿಯುವ ದೇಹಕ್ಕೆ ಒಂದೂವರೆ ಪೌಂಡ್ ಧಾನ್ಯವಾದರೂ ಬೇಕು, ಜೊತೆಗೆ ಬೇಳೆ ತರಕಾರಿ ಬೇಕು, ಈ ಕೂಲಿಯಲ್ಲಿ ಜನ ಮೆಲ್ಲಗೆ ಸಾಯುತ್ತಾರೆ ಎಂದು ಅಂಕಿ ಅಂಶಗಳನ್ನಿಟ್ಟು ವಾದಿಸಿದ. ಶಿಬಿರಗಳಲ್ಲಿ ಕಾಲರಾ ಹಬ್ಬಿತ್ತು, ಜನರ ತೋಳು ಕಾಲುಗಳು ಕಡ್ಡಿಯಾಗಿದ್ದವು. ಕೆಲವು ತಿಂಗಳ ಜಗ್ಗಾಟದ ನಂತರ ಮದರಾಸು ಸರ್ಕಾರ ಕೂಲಿಯನ್ನು ಸ್ವಲ್ಪ ಏರಿಸಿತು. ಅಷ್ಟರಲ್ಲಿ ಬಹಳ ಜನ ಹೋಗಿದ್ದರು.

ಮುಂಬಯಿ ಪ್ರಾಂತದಲ್ಲಿ ಹಸಿದವರೇ ತಿರುಗಿ ನಿಂತರು. ಕೂಲಿ ಇಳಿಸಿ, ಊರಿನಿಂದ ದೂರದ ಕಾಮಗಾರಿಗೆ ಬನ್ನಿ ಎಂದಾಗ ಲಕ್ಷಕ್ಕೂ ಹೆಚ್ಚು ಜನ ಕೆಲಸ ಬಿಟ್ಟು ಹೊರಟರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಅರ್ಜಿಗಳನ್ನು ಬರೆಯಿತು. ಹಸಿದ ಹೊಟ್ಟೆಯಲ್ಲಿ ನಡೆದ ಈ ಅಸಹಕಾರವನ್ನು ನಮ್ಮ ಶಾಲೆಯ ಇತಿಹಾಸ ಪುಸ್ತಕಗಳು ಇನ್ನಷ್ಟು ಗೌರವದಿಂದ ಹೇಳಬೇಕಿತ್ತು ಎಂದು ನನಗನಿಸುತ್ತದೆ.

1877ರ ಮುಂಗಾರಿನ ಮೇಲೆ ಎಲ್ಲರ ಆಸೆ ನಿಂತಿತ್ತು. ಜೂನ್ ಹೋಯಿತು, ಜುಲೈ ಹೋಯಿತು. ಆ ವರ್ಷ ದಕ್ಷಿಣ ಮಾತ್ರವಲ್ಲ, ಉತ್ತರ ಭಾರತವೂ ಒಣಗಿತು. ಮೈಸೂರಿನಲ್ಲಿ ಬರ ಅತಿ ಭೀಕರವಾದದ್ದು ಈ ತಿಂಗಳುಗಳಲ್ಲೇ. ಬೆಂಗಳೂರಿನ ಗಂಜಿಕೇಂದ್ರಗಳ ಮುಂದೆ ಸಾವಿರಾರು ಜನ ಬಂದು ಬಿದ್ದರು. ಕೋಲಾರದ ಕಡೆಯ ರಸ್ತೆಗಳಲ್ಲಿ ಹೆಣಗಳು ಬಿದ್ದಿದ್ದವು. ಮಲೆನಾಡು ಮಾತ್ರ ಬಹುಮಟ್ಟಿಗೆ ಪಾರಾಯಿತು. ಸೆಪ್ಟೆಂಬರಿನ ಹೊತ್ತಿಗೆ ಲಿಟ್ಟನ್ ಖುದ್ದಾಗಿ ದಕ್ಷಿಣಕ್ಕೆ ಬಂದ, ಮೈಸೂರಿಗೂ ಬಂದ. ಚಾರ್ಲ್ಸ್ ಎಲಿಯಟ್ ಎಂಬ ಅಧಿಕಾರಿಯನ್ನು ಮೈಸೂರಿನ ಕ್ಷಾಮ ಕಮಿಷನರನನ್ನಾಗಿ ಕೂರಿಸಿದ. ಗಂಜಿಕೇಂದ್ರಗಳಿಂದ ಜನರನ್ನು ದೊಡ್ಡ ಕಾಮಗಾರಿಗಳತ್ತ ಸಾಗಿಸುವುದು ಹೊಸ ಕ್ರಮ. ಬೆಂಗಳೂರು–ಮೈಸೂರು ರೈಲುದಾರಿಯ ಏರಿಗೆ ಮಣ್ಣು ಬಿದ್ದದ್ದು ಹೀಗೆ. 1882ರಲ್ಲಿ ಆ ದಾರಿ ಮೈಸೂರು ಮುಟ್ಟಿತು. ಇಂದು ಕೆಂಗೇರಿ, ರಾಮನಗರ, ಮಂಡ್ಯ ದಾಟಿ ಹೋಗುವ ಪ್ರಯಾಣಿಕರ ಕಾಲಕೆಳಗಿರುವುದು ಗಂಜಿಗಾಗಿ ದುಡಿದವರ ಬುಟ್ಟಿಯ ಮಣ್ಣು.

ಆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಕೊನೆಗೂ ಮಳೆ ಬಂತು.

ಬರದ ಕಥೆಗಳು ಸಾಮಾನ್ಯವಾಗಿ ಮಳೆ ಬಂದಲ್ಲಿಗೆ ಮುಗಿಯುತ್ತವೆ. ಧಾತು ಈಶ್ವರದ್ದು ಮುಗಿಯಲಿಲ್ಲ. ನೆಲ ನೆನೆದು ಹದ ಬಂದಿದೆ, ಉಳಲು ಎತ್ತಿಲ್ಲ. ಎರಡು ವರ್ಷ ಮೇವಿಲ್ಲದೆ ದನಗಳು ಸತ್ತಿದ್ದವು. ಅಳಿದುಳಿದದ್ದನ್ನು ಜನ ಸಿಕ್ಕ ಬೆಲೆಗೆ ಮಾರಿದ್ದರು. ಎಲ್ಲರೂ ಒಟ್ಟಿಗೆ ಮಾರುವಾಗ ಎತ್ತಿನ ಜೋಡಿ ಚರ್ಮದ ಬೆಲೆಗಿಳಿಯುತ್ತದೆ. ಬೀಜದ ರಾಗಿಯನ್ನು ಹಸಿದ ಮಕ್ಕಳಿಗೆ ಅಂಬಲಿ ಮಾಡಿ ಕುಡಿಸಿಯಾಗಿತ್ತು. ಯಾವ ತಾಯಿ ಬೇರೇನು ಮಾಡಿಯಾಳು? ಹದದ ಮಳೆಗೆ ಬೇಸಾಯಗಾರ ಕಾಯಬೇಕೇ ಹೊರತು ಅದು ಅವನಿಗಾಗಿ ಕಾಯುವುದಿಲ್ಲ. ಎತ್ತು ಸಾಲ ಕೇಳುವಷ್ಟರಲ್ಲಿ, ಬೀಜ ಹುಡುಕುವಷ್ಟರಲ್ಲಿ ಹದ ಆರುತ್ತದೆ. ಗುದ್ದಲಿ ಹಿಡಿದು ಎಷ್ಟು ಹೊಲ ಅಗೆಯಲಾದೀತು, ಅದೂ ನಿಲ್ಲಲು ತ್ರಾಣವಿಲ್ಲದ ಕಾಲುಗಳಲ್ಲಿ? ಮಳೆ ಬಿದ್ದೂ ಎಷ್ಟೋ ನೆಲ ಬೀಳಾಗಿ ಉಳಿಯಿತು.

ಮಳೆಯ ಹಿಂದೆಯೇ ಇನ್ನೊಂದು ಬಂತು. ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟಿ ಚಳಿಜ್ವರ ಎದ್ದಿತು. ಮಲೇರಿಯಾ ಹೊಸ ರೋಗವೇನಲ್ಲ. ಆದರೆ ಎರಡು ವರ್ಷ ಉಪವಾಸ ಬಿದ್ದ ದೇಹಗಳು ಅದನ್ನು ತಡೆಯಲಿಲ್ಲ. 1877ರ ಕೊನೆಯಿಂದ 1878ರವರೆಗೆ, ಅಂದರೆ ಹೊಲಗಳಲ್ಲಿ ಹಸಿರು ಕಾಣಿಸಿಕೊಂಡ ಮೇಲೆ, ಜ್ವರದಿಂದ ಸತ್ತವರು ಅಪಾರ. ನನ್ನ ಮಟ್ಟಿಗೆ ಈ ಬರದ ಅತ್ಯಂತ ದುಃಖದ ಅಧ್ಯಾಯ ಇದೇ. ಮುಗಿಲು ತನ್ನ ತಪ್ಪನ್ನು ತಿದ್ದಿಕೊಂಡ ಮೇಲೂ ಜನ ಸತ್ತರು.

ಮುಗಿಲಿಗೆ ಏನಾಗಿತ್ತು ಎಂದು ಆಗಿನವರೂ ತಲೆ ಕೆಡಿಸಿಕೊಂಡರು. 1877ರಲ್ಲೇ ವಿಲಿಯಂ ವಿಲ್ಸನ್ ಹಂಟರ್ ಸೂರ್ಯನ ಮೇಲಿನ ಕಲೆಗಳಿಗೂ ದಕ್ಷಿಣ ಭಾರತದ ಬರಗಳಿಗೂ ನಂಟು ಕಟ್ಟಿದ. ಸೂರ್ಯನನ್ನು ದೂರಿದರೆ ಸರ್ಕಾರವನ್ನು ದೂರುವ ಕೆಲಸ ತಪ್ಪುತ್ತದೆ, ಹಾಗಾಗಿ ಆ ವಾದಕ್ಕೆ ಮನ್ನಣೆ ಸಿಕ್ಕಿತು, ಆದರೆ ಅದು ನಿಲ್ಲಲಿಲ್ಲ. 1875ರಲ್ಲಷ್ಟೇ ಹುಟ್ಟಿದ್ದ ಭಾರತದ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್ ಹಿಮಾಲಯದ ಹಿಮಕ್ಕೂ ಮುಂಗಾರಿಗೂ ಇರುವ ಸಂಬಂಧವನ್ನು ಹುಡುಕಿದ. 1880ರ ದಶಕದಲ್ಲಿ ಮುಂಗಾರಿನ ಮುನ್ಸೂಚನೆ ಕೊಡುವ ಪದ್ಧತಿ ಆರಂಭವಾದದ್ದು ಈ ಬರದ ಏಟಿನಿಂದಲೇ. 1904ರಲ್ಲಿ ಬಂದ ಗಿಲ್ಬರ್ಟ್ ವಾಕರ್ ಜಗತ್ತಿನ ಮೂಲೆ ಮೂಲೆಯ ವಾಯುಭಾರದ ಅಂಕಿಗಳನ್ನು ಜೋಡಿಸಿ, ಹಿಂದೂ ಮಹಾಸಾಗರದ ಮೇಲೆ ಒತ್ತಡ ಏರಿದಾಗ ಶಾಂತಸಾಗರದ ಮೇಲೆ ಇಳಿಯುವ ತೂಗುಯ್ಯಾಲೆಯನ್ನು ಕಂಡುಹಿಡಿದ. ಅದರ ಯಂತ್ರವನ್ನು 1969ರಲ್ಲಿ ಜೇಕಬ್ ಬ್ಯರ್ಕ್‌ನೆಸ್ ಬಿಡಿಸಿ ತೋರಿಸಿದ. ಪೆರು ದೇಶದ ಕಡಲಾಚೆಯಿಂದ ಹಬ್ಬುವ ಬಿಸಿನೀರು, ಅಂದರೆ ಎಲ್ ನಿನೊ, ಗಾಳಿ ಮೇಲೇಳುವ ಜಾಗವನ್ನೇ ಪೂರ್ವಕ್ಕೆ ಎಳೆದುಕೊಳ್ಳುತ್ತದೆ. ಆಗ ನಮ್ಮ ಕಡೆ ಗಾಳಿ ಕೆಳಗಿಳಿಯುತ್ತದೆ, ಮೋಡ ಕಟ್ಟುವುದಿಲ್ಲ.

1877–78ರ ಎಲ್ ನಿನೊ ದಾಖಲೆಯಲ್ಲಿರುವ ಅತ್ಯಂತ ಪ್ರಬಲವಾದವುಗಳಲ್ಲಿ ಒಂದು. ಉತ್ತರ ಚೀನಾ ಮತ್ತು ಬ್ರೆಜಿಲ್‌ನ ಈಶಾನ್ಯ ಭಾಗಗಳಲ್ಲೂ ಅದೇ ವರ್ಷಗಳಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಆದರೆ ನಮ್ಮಲ್ಲಿ ಮಳೆ ತಪ್ಪಿದ್ದು ಅದಕ್ಕೂ ಮೊದಲೇ. ದೀಪ್ತಿ ಸಿಂಗ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನ, ಮೊದಲು ಹಲವು ವರ್ಷ ತಂಪಾಗಿದ್ದ ಶಾಂತಸಾಗರ, ನಂತರದ ದೈತ್ಯ ಎಲ್ ನಿನೊ, ಹಿಂದೂ ಮಹಾಸಾಗರದ ಪೂರ್ವ ಪಶ್ಚಿಮಗಳ ತಾಪದ ಏರುಪೇರು, ಬಿಸಿಯಾದ ಅಟ್ಲಾಂಟಿಕ್ ಇವೆಲ್ಲ ಒಂದರ ಬೆನ್ನಿಗೊಂದು ಬಂದದ್ದನ್ನು ತೋರಿಸುತ್ತದೆ. ಬರ ಒಂದೇ ಕಡಲಿನ ಕೆಲಸವಾಗಿರಲಿಲ್ಲ.

ಸಾವು ಯಾರ ಕೆಲಸ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಮೈಕ್ ಡೇವಿಸ್ 2001ರ ತಮ್ಮ ಪುಸ್ತಕದಲ್ಲಿ ಎಲ್ ನಿನೊ ಬರ ತಂದಿತು, ಸಾಮ್ರಾಜ್ಯಶಾಹಿ ಅದನ್ನು ಹತ್ಯಾಕಾಂಡ ಮಾಡಿತು ಎಂದು ಕಟುವಾಗಿ ವಾದಿಸಿದರು. ಆರ್ಥಿಕ ಇತಿಹಾಸಕಾರ ತೀರ್ಥಂಕರ್ ರಾಯ್, ಆಡಳಿತಕ್ಕೆ ಆಗ ಮಳೆಯ ಬಗ್ಗೆ, ಬೆಳೆಯ ಬಗ್ಗೆ ತಿಳಿವಳಿಕೆಯೇ ಕಡಿಮೆ ಇತ್ತು, ಸಾರಿಗೆಯೂ ಸಾಲದಿತ್ತು, ಅವು ಸುಧಾರಿಸಿದ ಮೇಲೆ ಕ್ಷಾಮಗಳೂ ತಗ್ಗಿದವು ಎನ್ನುತ್ತಾರೆ. ಸತ್ತವರ ಲೆಕ್ಕವೂ ಒಂದೇ ಇಲ್ಲ. ಭಾರತದಲ್ಲಿ 55 ಲಕ್ಷದಿಂದ 80 ಲಕ್ಷಕ್ಕೂ ಮೀರಿದ ಅಂದಾಜುಗಳಿವೆ. ತಿಳಿವಳಿಕೆ ಸಾಲದಿತ್ತು ಎಂಬ ಮಾತು 1876ರ ಅಕ್ಟೋಬರಿಗೆ ಒಪ್ಪೀತು. ಕಾರ್ನಿಷ್ ಕಣ್ಣಾರೆ ಕಂಡದ್ದನ್ನು ಬರೆದು ಮುಂದಿಟ್ಟ ಮೇಲೂ ಕೂಲಿ ಏರಿಸಲು ತಿಂಗಳುಗಳನ್ನು ತೆಗೆದುಕೊಂಡದ್ದಕ್ಕೆ ಅದು ಒಪ್ಪುವುದಿಲ್ಲ. ಅದೇ ವರ್ಷಗಳಲ್ಲಿ ಭಾರತದ ಬಂದರುಗಳಿಂದ ಇಂಗ್ಲೆಂಡಿಗೆ ಗೋಧಿ ಹೋಗುತ್ತಲೇ ಇತ್ತು.

ನಂತರದ್ದು ಬೇಗ ಬೇಗ ನಡೆಯಿತು. ಬರದ ಬಗ್ಗೆ ಖಾರವಾಗಿ ಬರೆಯುತ್ತಿದ್ದ ದೇಶಭಾಷೆಯ ಪತ್ರಿಕೆಗಳ ಬಾಯಿ ಕಟ್ಟಲು 1878ರ ಮಾರ್ಚ್‌ನಲ್ಲಿ ಲಿಟ್ಟನ್ ಕಾಯ್ದೆ ತಂದ. ಮುಂದಿನ ಕ್ಷಾಮಗಳಿಗೆಂದು ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿ ಎತ್ತಿಡುವ ಯೋಜನೆಯಾಯಿತು. ಆ ಹಣ ಅಫ್ಘನ್ ಯುದ್ಧಕ್ಕೆ ಹರಿಯಿತೆಂಬ ದೂರು ಕೂಡಲೇ ಎದ್ದಿತು. ರೈತರ ಸಂಕಟ ಕಂಡು ಬಂದೂಕು ಹಿಡಿದ ವಾಸುದೇವ ಬಲವಂತ ಫಡ್ಕೆ 1879ರ ಜುಲೈಯಲ್ಲಿ ಸಿಕ್ಕಿಬಿದ್ದದ್ದು ಕಲಾದಗಿ ಜಿಲ್ಲೆಯ ದೇವರ ನಾವದಗಿಯಲ್ಲಿ. ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯ ಕ್ಷಾಮ ಆಯೋಗ 1880ರಲ್ಲಿ ವರದಿ ಕೊಟ್ಟಿತು, ಎಲಿಯಟ್ ಅದರ ಕಾರ್ಯದರ್ಶಿ. ಅದರ ಫಲವಾಗಿ 1883ರಲ್ಲಿ ಕ್ಷಾಮ ಸಂಹಿತೆ ಬಂತು. ಬರದ ಗುರುತುಗಳೇನು, ಕಾಮಗಾರಿ ಯಾವಾಗ ತೆರೆಯಬೇಕು, ಕೂಲಿ ಎಷ್ಟು, ಕೆಲಸ ಮಾಡಲಾಗದವರಿಗೆ ಏನು ಎಂದು ಮೊದಲೇ ಬರೆದಿಡುವ ಪದ್ಧತಿ ಅದು. ಸ್ವಾತಂತ್ರ್ಯದ ನಂತರ ನಮ್ಮ ಸರ್ಕಾರಗಳು ಬರಪೀಡಿತ ತಾಲ್ಲೂಕು ಘೋಷಿಸುವಾಗ ನಡೆದುಬಂದದ್ದು ಇದೇ ಜಾಡಿನಲ್ಲಿ. 2023ರಲ್ಲಿ ಮತ್ತೆ ಎಲ್ ನಿನೊ ಬಂದು ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದಾಗ ಬೆಳೆ ಹೋಯಿತು, ಸಾಲ ಏರಿತು; ಗಂಜಿಕೇಂದ್ರದ ಮುಂದೆ ಹೆಣ ಬೀಳಲಿಲ್ಲ. ಪಡಿತರದ ಅಂಗಡಿಯಲ್ಲಿ ಧಾನ್ಯವಿತ್ತು.

ಮೈಸೂರಿಗೆ ಬರದ ವೆಚ್ಚ ಒಂದು ಕೋಟಿ ಅರವತ್ತು ಲಕ್ಷ ರೂಪಾಯಿ ತಗುಲಿತು. 1881ರ ಮಾರ್ಚ್‌ನಲ್ಲಿ ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ಮರಳಿಸಿದಾಗ ಖಜಾನೆಯ ಜೊತೆ ಬಂದದ್ದು 80 ಲಕ್ಷದ ಸಾಲ. ದಿವಾನ ರಂಗಾಚಾರ್ಲು ಹುದ್ದೆಗಳನ್ನು ಕಡಿತ ಮಾಡಿ, ಖರ್ಚು ಹಿಡಿದು, ರೈಲುದಾರಿಯೇ ಮುಂದಿನ ಬರಕ್ಕೆ ರಕ್ಷೆಯೆಂದು ನಂಬಿ ಅದಕ್ಕೆ ಹಣ ಹೊಂದಿಸಿದರು. ಆ ವರ್ಷದ ದಸರೆಯಲ್ಲೇ ರೈತರ, ವರ್ತಕರ ಮಾತು ಕೇಳಲು ಪ್ರಜಾಪ್ರತಿನಿಧಿ ಸಭೆ ಕೂಡಿತು. ಉಪವಾಸದಿಂದ ಎದ್ದುಬಂದ ನಾಡು ಮೊದಲು ಮಾಡಿದ ಕೆಲಸಗಳಲ್ಲಿ ಅದೂ ಒಂದು.

1871ರ ಜನಗಣತಿಯಲ್ಲಿ ಮೈಸೂರಿನ ಜನಸಂಖ್ಯೆ 50,55,412. 1881ರಲ್ಲಿ 41,86,188. ಮತ್ತೆ ಹತ್ತು ವರ್ಷ ಮಳೆ ಬೆಳೆಯಾಗಿ, ಮಕ್ಕಳು ಹುಟ್ಟಿ, ಹೊಸ ಎತ್ತುಗಳು ನೊಗಕ್ಕೆ ಬಂದ ಮೇಲೆ 1891ರಲ್ಲಿ ಎಣಿಸಿದಾಗ ಸಿಕ್ಕಿದ್ದು 49,43,604. ಬರಕ್ಕೆ ಮುಂಚೆ ಇದ್ದಷ್ಟು ಜನ ಆಗಲೂ ಇರಲಿಲ್ಲ.